ನಾಲಿಗೆ ಮುಟ್ಟದ ಕಲ್ಲು

ನನ್ನ ಗೆಳೆಯನಿಗೆ ಕಲ್ಲು ನೆಕ್ಕುವ ಅಭ್ಯಾಸವಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ಶನಿವಾರ ಅವನು ಕಲ್ಲು ನೆಕ್ಕಲಿಲ್ಲ, ಅದನ್ನು ನೋಡಿಯೂ ನಾನು ಸುಮ್ಮನಿದ್ದೆ, ಆಮೇಲೆ ಎರಡು ಗಂಟೆಯೊಳಗೆ ಅವನು ನನ್ನ ಕಣ್ಣೆದುರಿಗೇ ಸಾಯುವ ಸ್ಥಿತಿಗೆ ಬಂದಿದ್ದ.

ಅವನು ಗಣಿಯ ಭೂವಿಜ್ಞಾನಿ. ಪರ್ತ್‌ನಿಂದ ವಿಮಾನ ಹತ್ತಿ ಉತ್ತರದ ಕಬ್ಬಿಣದ ಗಣಿಗೆ ಹೋಗಿ ಎರಡು ವಾರ ಕೆಲಸ, ಆಮೇಲೆ ಒಂದು ವಾರ ಮನೆ. ಕಲ್ಲು ಒದ್ದೆಯಾದರೆ ಅದರ ಕಣಗಳು ಎದ್ದು ಕಾಣುತ್ತವೆ. ಬಾಟಲಿ ತೆಗೆದು ನೀರು ಹಾಕುವ ವ್ಯವಧಾನವಿಲ್ಲದೆ ಆ ಕಸುಬಿನವರು ನಾಲಿಗೆ ತಾಗಿಸಿ, ಸಣ್ಣ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ನೋಡುತ್ತಾರೆ. ಇವನು ಪಾರ್ಕು, ಬೀಚು ಯಾವುದನ್ನೂ ಬಿಟ್ಟಿರಲಿಲ್ಲ, ಒಮ್ಮೆ ನಮ್ಮ ಹಿತ್ತಲಿನ ಬಾರ್ಬೆಕ್ಯೂ ಒಲೆಕಟ್ಟೆಯ ಕಲ್ಲಿಗೂ ನಾಲಿಗೆ ಚಾಚಿದ್ದ. ಹೋಟೆಲಿನಲ್ಲಿ ಮೊಟ್ಟೆ ತಾಗಿದ ಚಮಚ ಕಂಡರೆ ಎದ್ದು ಹೋಗುವ ಮನುಷ್ಯನಿಗೆ ಬೀದಿಯ ಕಲ್ಲು ಮಾತ್ರ ಹೇಗೆ ಆಗುತ್ತದೆ ಅಂತ ನಾನು ರೇಗಿಸುತ್ತಿದ್ದೆ. "ಏನಾಚಾರ್ರೇ, ಉಪ್ಪು ಸಾಕಾ?" ಅಂದರೆ "ಒಗ್ಗರಣೆ ಕಮ್ಮಿ ಕಣೋ" ಅನ್ನುತ್ತಿದ್ದ. ಅವನ ಪೂಜೆ, ಜನಿವಾರ, ಉಪವಾಸ ಯಾವುದನ್ನೂ ನಾನು ಸುಮ್ಮನೆ ಬಿಟ್ಟವನಲ್ಲ. ನನ್ನ ಬಾಯಿ ಕೆಟ್ಟದ್ದು. ಅದಕ್ಕೇ ಅವನು ಬರಬರುತ್ತ ಅಂಥ ವಿಷಯಗಳನ್ನು ನನ್ನೆದುರು ಎತ್ತುವುದನ್ನೇ ಬಿಟ್ಟಿದ್ದ.

ಅದಿರಿನ ಬೆಲೆ ಇಳಿದು ಪರ್ತ್‌ನಲ್ಲಿ ನಮ್ಮವರು ಒಬ್ಬೊಬ್ಬರಾಗಿ ಮನೆ ಖಾಲಿ ಮಾಡುತ್ತಿದ್ದ ವರ್ಷ ಅದು. ಮೇ ತಿಂಗಳಲ್ಲಿ ಅವನ ಕೆಲಸ ಹೋಯಿತು. ಕಂಪನಿ ಕೊಡಿಸಿದ ವೀಸಾ ಆದ್ದರಿಂದ ತೊಂಬತ್ತು ದಿನದೊಳಗೆ ಇನ್ನೊಂದು ಕಂಪನಿ ಹಿಡಿಯಬೇಕು, ಇಲ್ಲವಾದರೆ ದೇಶ ಬಿಡಬೇಕು. ಅರವತ್ತು ಚಿಲ್ಲರೆ ದಿನ ಆಗಲೇ ಹೋಗಿದ್ದವು. ಅಡಿಲೇಡಿನ ಒಂದು ಕಂಪನಿ ಎರಡು ಸುತ್ತು ಇಂಟರ್‌ವ್ಯೂ ಮಾಡಿ ಸುಮ್ಮನಾಗಿತ್ತು. ಹೆಂಡತಿ, ಮಗಳು ಶಾಲೆಯ ರಜೆಗೆಂದು ಮೈಸೂರಿಗೆ ಹೋಗಿದ್ದರು. ಇವನು ಕ್ಯಾನಿಂಗ್‌ವೇಲ್‌ನ ಮನೆಯಲ್ಲಿ ಪರದೆ ಎಳೆದುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿರುತ್ತಿದ್ದ. ನಾನು ಆಫೀಸಿನಿಂದ ಬರುವಾಗ ಹೊಕ್ಕು ನೋಡಿದರೆ ಬೆಳಗ್ಗೆ ಕೂತಲ್ಲೇ ಕೂತಿರುತ್ತಿದ್ದ.

ಆ ಶುಕ್ರವಾರ ರೇಡಿಯೋದಲ್ಲಿ ಸ್ಟರ್ಲಿಂಗ್ ಬೆಟ್ಟಸಾಲಿನ ಮೇಲೆ ಮರುದಿನ ಹಿಮ ಬೀಳಬಹುದು ಅಂದರು. ಪರ್ತ್‌ನವರಿಗೆ ಹಿಮ ಅಂದರೆ ಹುಚ್ಚು. ನಾಲ್ಕೂವರೆ ಗಂಟೆ ಕಾರು ಓಡಿಸಿಕೊಂಡು ಹೋಗಿ, ಬೆಟ್ಟ ಹತ್ತಿ, ಒಂದು ಹಿಡಿ ಹಿಮ ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡು ಬರುತ್ತಾರೆ. ಇವನನ್ನು ಮನೆಯಿಂದ ಹೊರಗೆ ಎಳೆಯಲು ಇದಕ್ಕಿಂತ ಒಳ್ಳೆಯ ನೆಪ ಸಿಗದು ಅಂದುಕೊಂಡು ಸಂಜೆ ಫೋನ್ ಮಾಡಿದೆ.

"ನಾಳೆ ಬೇಡ ಕಣೋ," ಅಂದ. "ಭಾನುವಾರ ಹೋಗೋಣ."

"ಭಾನುವಾರದವರೆಗೂ ನಿನಗೋಸ್ಕರ ಹಿಮಾನ ಫ್ರಿಜ್ಜಲ್ಲಿ ಎತ್ತಿಟ್ಟಿರ್ತಾರಾ? ಮನೇಲಿ ಕೂತು ಮೊಟ್ಟೆ ಇಡ್ತಿದೀಯಾ? ಬೆಳಗ್ಗೆ ಐದೂವರೆಗೆ ಬಾಗಿಲಲ್ಲಿ ಹಾರ್ನ್ ಹೊಡೀತೀನಿ. ಬರ್ಲಿಲ್ಲ ಅಂದ್ರೆ ಒಳಗೆ ಬಂದು ಎತ್ಕೊಂಡು ಹೋಗ್ತೀನಿ."

"ಸರಿ ಮಾರಾಯ, ಬರ್ತೀನಿ" ಅಂದ. ನಾಳೆ ಯಾಕೆ ಬೇಡ ಅಂತ ಒಂದೇ ಒಂದು ಮಾತು ನಾನು ಕೇಳಬಹುದಿತ್ತು. ಕೇಳಲಿಲ್ಲ.

ದಾರಿಯಲ್ಲಿ ಸರ್ವೋ ಒಂದರಲ್ಲಿ ಪೆಟ್ರೋಲ್ ಹಾಕಿಸಿ ನಾನು ಬಿಸಿ ಚಿಪ್ಸ್ ತಿಂದೆ, ಕಾಫಿ ಕುಡಿದೆ. ಅವನು ಕಾರಿನಿಂದ ಇಳಿಯಲೇ ಇಲ್ಲ. ಅಸಿಡಿಟಿ ಅಂದ. ನನ್ನ ಹೆಂಡತಿ ಇಬ್ಬರಿಗೂ ಬೇರೆ ಬೇರೆ ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟಿಕೊಟ್ಟಿದ್ದಳು, ಫ್ಲಾಸ್ಕಿನಲ್ಲಿ ಟೀ. ಮೇಲೆ ಹತ್ತಿ ತಿನ್ನೋಣ ಅಂದದ್ದಕ್ಕೆ ಹೂಂ ಅಂದ.

ದೊಡ್ಡ ಶಿಖರದ ಕಾರ್ ಪಾರ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಲ್ಲಿಂದ ಸ್ವಲ್ಪ ದೂರದ ಇನ್ನೊಂದು ಬೆಟ್ಟಕ್ಕೆ ಹೋಗೋಣ ಅಂದವನು ಅವನೇ. ಅಲ್ಲಿನ ಬಂಡೆಗಳ ಮೇಲೆ ಅಲೆಯ ಗುರುತುಗಳಿವೆಯಂತೆ. ಕೋಟಿಗಟ್ಟಲೆ ವರ್ಷದ ಹಿಂದೆ ಅದೆಲ್ಲ ಆಳವಿಲ್ಲದ ಸಮುದ್ರವಾಗಿತ್ತು, ದಡದ ಮರಳಿನ ಮೇಲೆ ನೀರು ಬಿಟ್ಟುಹೋದ ಗೆರೆಗಳು ಹಾಗೇ ಕಲ್ಲಾಗಿವೆ ಅಂತ ವಿವರಿಸಿದ. ಎರಡು ತಿಂಗಳಲ್ಲಿ ಅವನು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ನನಗೆ ಖುಷಿಯಾಯಿತು. ಆ ಬೆಟ್ಟದ ಬುಡದಲ್ಲಿ ಬೇರೆ ಒಂದು ಕಾರೂ ಇರಲಿಲ್ಲ. ಅದು ಆಗ ನನಗೆ ಒಳ್ಳೆಯದೇ ಅನ್ನಿಸಿತ್ತು.

ಹನ್ನೊಂದೂವರೆಗೆ ಹತ್ತಲು ಶುರು ಮಾಡಿದೆವು. ಅರ್ಧ ಗಂಟೆಯಲ್ಲಿ ಮೊದಲನೆಯ ಅಲೆಯ ಕಲ್ಲು ಸಿಕ್ಕಿತು. ಅವನು ಮಂಡಿಯೂರಿ ಕೂತ, ಬೆರಳಿನಿಂದ ಗೆರೆಗಳನ್ನು ಸವರಿದ. ಆಮೇಲೆ ಮಂಜಿನಲ್ಲಿ ಒದ್ದೆಯಾಗಿದ್ದ ಜಾಕೆಟ್ಟಿನ ತೋಳನ್ನು ಕಲ್ಲಿಗೆ ಒರೆಸಿ ಭೂತಗನ್ನಡಿ ಹಿಡಿದು ನೋಡಿದ.

"ಯಾಕೆ, ಇವತ್ತು ನೆಕ್ಕಲ್ವಾ ಆಚಾರ್ರೇ?"

"ಇವತ್ತು ಬೇಡ."

ಅಷ್ಟೇ. ಮುಂದಿನ ಬಂಡೆಯ ಹತ್ತಿರ ಅವನು ನಿಂತ, ಆದರೆ ಬಗ್ಗಲಿಲ್ಲ. ಅದರ ಮುಂದಿನದನ್ನು ತಿರುಗಿಯೂ ನೋಡದೆ ದಾಟಿದ. ಗಾಳಿ ಜೋರಾಗಿತ್ತು, ಮೋಡ ಇಳಿದು ಹತ್ತು ಹೆಜ್ಜೆಯಾಚೆ ಏನೂ ಕಾಣುತ್ತಿರಲಿಲ್ಲ. ಬೀಳುತ್ತಿದ್ದದ್ದು ಹಿಮವೂ ಅಲ್ಲ, ಮಳೆಯೂ ಅಲ್ಲ, ಎರಡೂ ಕಲಸಿದ ಒಂದು ದರಿದ್ರ. ಅದು ಕತ್ತಿನ ಸಂದಿನಲ್ಲಿ ಇಳಿದು ಬೆನ್ನೆಲ್ಲ ಒದ್ದೆಯಾಗಿತ್ತು. ವಾಪಸ್ ಹೋಗೋಣವಾ ಅಂತ ಎರಡು ಸಲ ಕೇಳಿದೆ. ಎರಡು ಸಲವೂ ಅವನು ಕೈಯಲ್ಲೇ ಮುಂದೆ ಅಂದ. ನಾನು ಮುಂದೆ ನಡೆದೆ. ತುದಿಗೆ ಇನ್ನೇನು ಕಾಲು ಗಂಟೆ ಅನ್ನುವಾಗ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ.

ಕೂಗಿದೆ. ಗಾಳಿಯಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಓಡಿದೆ ಅನ್ನಬೇಕು, ಆ ಜಾರುವ ಕಲ್ಲಿನ ಮೇಲೆ ಓಡುವುದು ಎಲ್ಲಿಂದ ಬಂತು, ಕುಂಡಿಯ ಮೇಲೆ ಜಾರಿಕೊಂಡೇ ಇಳಿದೆ. ಅವನು ಒಂದು ಬಂಡೆಗೆ ಒರಗಿ ಕೂತಿದ್ದ. ಮೈ ಗಡಗಡ ನಡುಗುತ್ತಿತ್ತು, ತುಟಿ ಒಡೆದು ಬಿಳಿಚಿತ್ತು. ಫ್ಲಾಸ್ಕ್ ತೆಗೆದು ಟೀ ಬಗ್ಗಿಸಿ ಬಾಯಿಗೆ ಹಿಡಿದೆ. ಅವನು ಚಿಕ್ಕ ಮಕ್ಕಳ ಹಾಗೆ ತುಟಿ ಬಿಗಿದು ಮುಖ ತಿರುಗಿಸಿದ.

"ಕುಡಿಯೋ, ಏನಾಗಿದೆ ನಿಂಗೆ?"

"ಏಕಾದಶಿ," ಅಂದ.

ತೊದಲುತ್ತ ತೊದಲುತ್ತ ಅವನು ಹೇಳಿದ್ದನ್ನು ಜೋಡಿಸಿಕೊಳ್ಳಲು ನನಗೆ ಹೊತ್ತು ಹಿಡಿಯಿತು. ಅವನ ಅಮ್ಮ ಬ್ರಿಸ್ಬೇನಿನಲ್ಲಿ, ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಇವನ ಅಕ್ಕನ ಮನೆಯಲ್ಲಿದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಪ್ರತಿ ವರ್ಷ ಮೈಸೂರಿನಿಂದ ಪಂಚಾಂಗ ತರಿಸಿಕೊಳ್ಳುತ್ತಿದ್ದರು. ಅಲ್ಲಿನ ಕನ್ನಡದವರು ಗೃಹಪ್ರವೇಶ, ನಾಮಕರಣ, ಶ್ರಾದ್ಧ ಎಲ್ಲಕ್ಕೂ ಅವರಿಗೇ ಫೋನ್ ಮಾಡುತ್ತಿದ್ದರು. ಆಷಾಢದ ಈ ಏಕಾದಶಿಯನ್ನು ಒಂದು ತೊಟ್ಟು ನೀರಿಲ್ಲದೆ ಮಾಡು, ಕೆಲಸ ಸಿಕ್ಕೇ ಸಿಗತ್ತೆ ಅಂತ ಅವರು ಮಗನಿಗೆ ಹೇಳಿದ್ದರು. ಪರ್ತ್‌ನ ನಮ್ಮವರ ಗುಂಪು ಇಲ್ಲಿನ ಸೂರ್ಯೋದಯಕ್ಕೆ ಲೆಕ್ಕ ಹಾಕಿಸಿದ ಪಟ್ಟಿಯಲ್ಲಿ ಏಕಾದಶಿ ಶುಕ್ರವಾರ ಅಂತಿತ್ತು. ಇವನು ಶುಕ್ರವಾರ ಮಾಡಿದ. ಸಂಜೆ ಅಮ್ಮನಿಗೆ ಫೋನ್ ಮಾಡಿ ಮುಗೀತು ಅಂದರೆ ಅವರು, ನನ್ನ ಪಂಚಾಂಗದಲ್ಲಿ ಶನಿವಾರ, ನಿನ್ನ ಆ ಪಟ್ಟಿ ಯಾವ ಲೆಕ್ಕಕ್ಕೂ ಇಲ್ಲ ಅಂದರು. ಆಗಲೇ ಒಂದು ದಿನ ಮಾಡಿದ್ದೇನೆ ಅಂತ ವಾದಿಸದೆ ಇವನು ಎರಡನೆಯದನ್ನೂ ಶುರು ಮಾಡಿದ. ಗುರುವಾರ ರಾತ್ರಿಯ ಊಟದ ಮೇಲೆ ಅವನ ಹೊಟ್ಟೆಗೆ ಹೋಗಿದ್ದು ಒಂದು ಉದ್ಧರಣೆ ತೀರ್ಥ. ನಾನು ಬಾಗಿಲಲ್ಲಿ ಹಾರ್ನ್ ಹೊಡೆದದ್ದು ಅಂಥವನಿಗೆ.

"ಬಡ್ಡೀಮಗನೇ, ಹೇಳೋಕೇನಾಗಿತ್ತು?" ಅಂತ ಕಿರುಚಿದೆ.

"ನೀನು ನಗ್ತಿದ್ದೆ," ಅಂದ.

ಹೌದು, ನಗುತ್ತಿದ್ದೆ. ಬಗ್ಗಿಸಿದ ಟೀ ಅವನ ತುಟಿಗೆ ಒತ್ತಿದೆ, ಅವನು ಉಗಿದ. ಗಲ್ಲ ಹಿಡಿದು ಬಾಯಿ ಅಗಲಿಸಲು ನೋಡಿದೆ, ಕೈ ಕಚ್ಚಿದ. "ಈಗ ಬಿಟ್ರೆ ಎರಡೂ ದಿನ ಹೋಗತ್ತೆ. ಅಡಿಲೇಡ್ ಹೋಗತ್ತೆ. ಮಗಳ ಸ್ಕೂಲ್ ಹೋಗತ್ತೆ," ಅಂತ ಅದನ್ನೇ ಮತ್ತೆ ಮತ್ತೆ ಅಂದ. ಸಿಟ್ಟು ತಡೆಯಲಾಗದೆ ಕೆನ್ನೆಗೆ ಒಂದು ಬಿಟ್ಟೆ. ಹೊಡೆದ ಕೈ ತಣ್ಣಗಾಯಿತು, ಅಷ್ಟು ಕೊರೆಯುತ್ತಿತ್ತು ಆ ಕೆನ್ನೆ. ಎಬ್ಬಿಸಿ ನಿಲ್ಲಿಸಿದರೆ ಮಂಡಿ ಮಡಿಸಿ ಕುಸಿದ. ನನಗಿಂತ ಹದಿನೈದು ಕೇಜಿ ಜಾಸ್ತಿ ಅವನು, ಹೊತ್ತು ಇಳಿಸುವ ಮಾತೇ ಇಲ್ಲ.

ಆಮೇಲೆ ನಡುಕ ನಿಂತಿತು. ಒಂದು ನಿಮಿಷ ನಾನು ಸಮಾಧಾನಪಟ್ಟೆ, ಎಂಥ ಮುಠ್ಠಾಳ. ಅವನು ಕೈಗವಸು ಕಿತ್ತು ಬಿಸಾಕಿ ಜಾಕೆಟ್ಟಿನ ಜಿಪ್ ಎಳೆಯತೊಡಗಿದ. "ಸೆಖೆ ಕಣೋ," ಅಂದ. ಚಳಿಯಲ್ಲಿ ಸಾಯುವವರು ಕೊನೆಗೆ ಸೆಖೆ ಅನ್ನುತ್ತಾರೆ ಅಂತ ಎಲ್ಲೋ ಕೇಳಿದ್ದು ನೆನಪಾಯಿತು.

ಫೋನ್ ಹಿಡಿದುಕೊಂಡು ಇಪ್ಪತ್ತು ಹೆಜ್ಜೆ ಮೇಲೆ ಹತ್ತಿ ಬಂಡೆಯೊಂದರ ಮೇಲೆ ನಿಂತೆ. ಎಮರ್ಜೆನ್ಸಿಯ ತ್ರಿಬಲ್ ಝೀರೋ ಒತ್ತಿದೆ. ಸದ್ದಿಲ್ಲ. ಇನ್ನೊಂದು ಬಂಡೆ, ಮತ್ತೆ ಸದ್ದಿಲ್ಲ. ನಾಲ್ಕು ಸಲ ಮಾಡಿದೆ. ಅಲ್ಲೇ ಕೂತು ಅತ್ತುಬಿಟ್ಟೆ. ದೊಡ್ಡ ದನಿಯಲ್ಲಿ, ಅಮ್ಮಾ ಅಂತ ಕರೆದುಕೊಂಡು ಅತ್ತೆ. ನಾಳೆ ಅವನ ಹೆಂಡತಿಗೆ ಫೋನ್ ಮಾಡಿ ನಾನು ಏನು ಹೇಳಬೇಕು ಅನ್ನುವುದು ಒಂದೊಂದು ಶಬ್ದವಾಗಿ ತಲೆಯಲ್ಲಿ ಬರುತ್ತಿತ್ತು.

ಆ ಅಳುವಿನ ಮಧ್ಯೆ ಮೈಸೂರಿನಲ್ಲಿ ನಮ್ಮ ವಠಾರದಲ್ಲಿದ್ದ ಒಬ್ಬ ಅಜ್ಜಿ ನೆನಪಾದರು. ಏಕಾದಶಿ ದಿನ ಉಗುಳೂ ನುಂಗದೆ ಇರುತ್ತಿದ್ದವರು ಮರುದಿನ ಬೆಳ್ಳಂಬೆಳಗ್ಗೆ, ನಾವಿನ್ನೂ ಹಲ್ಲುಜ್ಜುವ ಹೊತ್ತಿಗೆ, ಎಲೆ ಹಾಕಿಕೊಂಡು ಅವಸರವಸರವಾಗಿ ಊಟ ಮಾಡುತ್ತಿದ್ದರು. ಯಾಕಜ್ಜಿ ಅಂದರೆ, ದ್ವಾದಶಿ ಪಾರಣೆ ಕಣೋ, ಇವತ್ತು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ನಿನ್ನೆ ಮಾಡಿದ ಉಪವಾಸವೆಲ್ಲ ನೀರುಪಾಲು ಅನ್ನುತ್ತಿದ್ದರು.

ಕಣ್ಣೊರೆಸಿಕೊಂಡು ಕೆಳಗಿಳಿದೆ. ಅವನ ಪಕ್ಕ ಕೂತು, ಜಾಕೆಟ್ಟು ಎಳೆದು ಮುಚ್ಚಿ, ಮುಖವನ್ನು ಎರಡೂ ಕೈಯಲ್ಲಿ ಹಿಡಿದೆ.

"ಟವರ್ ಸಿಕ್ತು. ಅಮ್ಮನ ಹತ್ರ ಮಾತಾಡ್ದೆ. ಅವರು ಪಂಚಾಂಗದಲ್ಲಿ ಪುಟ ತಪ್ಪು ನೋಡಿದ್ರಂತೆ. ನಿನ್ನೇನೇ ಏಕಾದಶಿ. ಇವತ್ತು ದ್ವಾದಶಿ."

ಅವನ ಕಣ್ಣು ನಿಧಾನವಾಗಿ ನನ್ನ ಮೇಲೆ ಬಂತು. "ಅಮ್ಮ ತಪ್ಪು ನೋಡಿದ್ಲಾ?"

"ಹೂಂ. ಬೆಳಗ್ಗಿಂದ ನಿನಗೆ ಫೋನ್ ಮಾಡ್ತಾನೇ ಇದಾರಂತೆ. ಪಾರಣೆ ಹೊತ್ತು ಮೀರ್ತಿದೆ, ತಕ್ಷಣ ಅನ್ನ ಹಾಕು ಅವನಿಗೆ, ಇಲ್ದಿದ್ರೆ ಮಾಡಿದ್ದೆಲ್ಲ ಹೋಗತ್ತೆ ಅಂದ್ರು."

"ಅಯ್ಯೋ, ಹೊತ್ತು ಮೀರ್ತಾ?" ಅಂದವನೇ ಬಾಯಿ ತೆರೆದ.

ಮೊದಲು ಫ್ಲಾಸ್ಕಿನ ಮುಚ್ಚಳದಲ್ಲಿ ಒಂದೊಂದೇ ಗುಟುಕು ಟೀ. ಆಮೇಲೆ ಪುಳಿಯೋಗರೆ. ಬೆರಳು ಮರಗಟ್ಟಿ ಡಬ್ಬಿಯ ಮುಚ್ಚಳ ಬಾರದೆ ಹಲ್ಲಿನಲ್ಲಿ ಕಚ್ಚಿ ತೆಗೆದೆ. ಸಣ್ಣ ಸಣ್ಣ ತುತ್ತು ಮಾಡಿ ಬಾಯಿಗಿಟ್ಟೆ. ಅವನು ಅಗಿಯುವುದನ್ನು ಮರೆತರೆ "ಪಾರಣೆ, ಪಾರಣೆ" ಅಂತ ಗದರಿಸಿದೆ. ನಾನು ಜೀವನದಲ್ಲಿ ಮಾಡಿದ ಅಡ್ಡಕಸುಬಿ ಪೌರೋಹಿತ್ಯ ಅದೊಂದೇ. ನನ್ನ ಸ್ವೆಟರ್ ಬಿಚ್ಚಿ ಅವನಿಗೆ ಹಾಕಿದೆ, ಅವನನ್ನು ಬಂಡೆಯ ಮರೆಗೆ ಎಳೆದು ತಬ್ಬಿಕೊಂಡು ಕೂತೆ. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಅವನಿಗೆ ಮತ್ತೆ ನಡುಕ ಶುರುವಾಯಿತು. ಆ ನಡುಕಕ್ಕೆ ನಾನು ಕೈಮುಗಿದೆ.

ಒಂದೂವರೆ ಗಂಟೆಯಲ್ಲಿ ಹತ್ತಿದ್ದನ್ನು ಇಳಿಯಲು ಮೂರು ಗಂಟೆ ಹಿಡಿಯಿತು. ಹತ್ತು ಹೆಜ್ಜೆ ನಡೆಯುವುದು, ಕೂರುವುದು, ಒಂದು ಗುಟುಕು ಟೀ, ಒಂದು ತುತ್ತು ಅನ್ನ. ಎರಡೂ ಡಬ್ಬಿ ಖಾಲಿಯಾದವು. ಎರಡು ಸಲ ಇಬ್ಬರೂ ಒಟ್ಟಿಗೆ ಬಿದ್ದೆವು. ಅವನು ಮಲಗಿಬಿಡುತ್ತೇನೆ ಅಂದಾಗಲೆಲ್ಲ ನನಗೆ ಬಂದ ಬೈಗುಳವನ್ನೆಲ್ಲ ಬೈದೆ. ಬೆಳಕು ಕಂದುತ್ತಿತ್ತು, ಕಾರು ಇನ್ನೂ ಕಾಣುತ್ತಿರಲಿಲ್ಲ, ಇದು ಆಗುವ ಕೆಲಸವಲ್ಲ ಅನ್ನಿಸಿಬಿಟ್ಟಿತ್ತು. ಆಗ ಅವನು ನನ್ನ ಹೆಗಲು ಬಿಟ್ಟು ಪಕ್ಕಕ್ಕೆ ವಾಲಿದ. ಮತ್ತೆ ಬಿದ್ದ ಅಂದುಕೊಂಡೆ. ಅದು ಹತ್ತುವಾಗ ಮೊದಲು ಸಿಕ್ಕಿದ್ದ ಅಲೆಯ ಕಲ್ಲು. ಅವನು ಬಗ್ಗಿ ಅದಕ್ಕೆ ನಾಲಿಗೆ ತಾಗಿಸಿ, ಭೂತಗನ್ನಡಿಗಾಗಿ ಜೇಬು ತಡಕಾಡಿದ. ಬದುಕಿಕೊಂಡ ಅಂತ ನನಗೆ ಆಗ ಗೊತ್ತಾಯಿತು.

ಹತ್ತಿರದ ಊರಿನ ಸಣ್ಣ ಆಸ್ಪತ್ರೆಯಲ್ಲಿ ಅವನನ್ನು ಬಿಸಿ ಕಂಬಳಿಯಲ್ಲಿ ಸುತ್ತಿ ಡ್ರಿಪ್ ಹಾಕಿದರು. ಇವತ್ತಿಗೆ ಮುಂಚೆ ಕೊನೆಯ ಊಟ ಯಾವಾಗ ಅಂತ ನರ್ಸ್ ಕೇಳಿದಳು. ಗುರುವಾರ ಅಂದ. ಆಕೆ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಏಳು ಗಂಟೆಯ ಹೊತ್ತಿಗೆ ಅವನ ತಲೆ ತಿಳಿಯಾಯಿತು. ತಿಳಿಯಾಗಿದ್ದೇ ತಡ, ನಾನು ಹೆದರಿದ್ದ ಪ್ರಶ್ನೆ ಬಂತು.

"ಲೋ, ಟವರ್ ಸಿಕ್ಕಿದ್ರೆ ತ್ರಿಬಲ್ ಝೀರೋಗೆ ಯಾಕೆ ಮಾಡ್ಲಿಲ್ಲ? ಅಮ್ಮನಿಗೆ ಯಾಕೆ ಮಾಡ್ದೆ?"

ನಾನು ಡ್ರಿಪ್ಪಿನ ಬಾಟಲಿ ನೋಡುತ್ತ ಕೂತೆ. ಅವನ ಮುಖ ಸಣ್ಣದಾಯಿತು. ಸತ್ತರೂ ಬಿಡೆನೆಂದು ಹಿಡಿದಿದ್ದ ಒಂದೇ ಒಂದು ವಸ್ತುವನ್ನು ನಾನು ಸುಳ್ಳು ಹೇಳಿ ಕಿತ್ತುಕೊಂಡಿದ್ದೆ. ಅಡಿಲೇಡಿನವರು ಬೇಡ ಅಂದ ಮೇಲ್ ಹಿಂದಿನ ದಿನವೇ ಅವನ ಫೋನಿನಲ್ಲಿ ಬಂದು ಕೂತಿತ್ತು, ಅದನ್ನು ಅವನು ತೆರೆದದ್ದು ಭಾನುವಾರ. ಆಗಸ್ಟಿನಲ್ಲಿ ಅವನು ಮನೆ ಖಾಲಿ ಮಾಡಿಕೊಂಡು ವಾಪಸ್ ಹೋದ. ಆದರೆ ಆ ಸಂಜೆ ಅದ್ಯಾವುದೂ ನಮಗೆ ಗೊತ್ತಿಲ್ಲ, ಅವನ ಲೆಕ್ಕದಲ್ಲಿ ಆ ಉಪವಾಸ ಮುರಿದಿದ್ದರೆ ಎಲ್ಲವೂ ಮುರಿದಂತೆ. ನನ್ನನ್ನು ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ, ತನ್ನನ್ನೂ ಕೂಡ.

ನಾನು ತಡೆಯುವ ಮೊದಲೇ ಅವನು ನನ್ನ ಫೋನ್ ಎತ್ತಿಕೊಂಡು ಬ್ರಿಸ್ಬೇನಿಗೆ ಹಚ್ಚಿ ಸ್ಪೀಕರ್ ಒತ್ತಿದ. ಅವರಿಗೆ ಮೊದಲೇ ಒಂದು ಮಾತು ಹೇಳಿಡಬೇಕೆಂದು ನನಗೆ ಹೊಳೆದಿರಲೇ ಇಲ್ಲ.

"ಅಮ್ಮ, ನೀನು ಪುಟ ತಪ್ಪು ನೋಡಿದ್ಯಾ? ಇವತ್ತು ದ್ವಾದಶಿ, ಅನ್ನ ಹಾಕು ಅಂತ ಇವನಿಗೆ ಹೇಳಿದ್ಯಂತೆ. ನಾನು ಊಟ ಮಾಡ್ಬಿಟ್ಟೆ."

"ಎಲ್ಲಿದೀಯೋ ನೀನು? ಧ್ವನಿ ಯಾಕೆ ಹಾಗಿದೆ?"

"ಆಸ್ಪತ್ರೇಲಿ. ಬೆಟ್ಟದ ಮೇಲೆ ಬಿದ್ಹೋಗಿದ್ದೆ. ಈಗ ಪರ್ವಾಗಿಲ್ಲ, ಡ್ರಿಪ್ ಹಾಕಿದಾರೆ. ಅದಿರ್ಲಿ, ನೀನು ಹೇಳಿದ್ಯೋ ಇಲ್ವೋ?"

ಆ ಹೆಂಗಸು ತನ್ನ ಲೆಕ್ಕ ತಪ್ಪು ಅಂತ ಒಪ್ಪಿಕೊಂಡದ್ದನ್ನು ಮಕ್ಕಳು ಯಾವತ್ತೂ ಕೇಳಿರಲಿಲ್ಲ. ನಾನು ಮಂಚದ ಸರಳು ಹಿಡಿದುಕೊಂಡೆ.

"ಹೇಳ್ದೆ," ಅಂದರು. "ಕನ್ನಡಕ ಇಲ್ದೆ ನೋಡಿದ್ದೆ ಕಣೋ, ಪುಟ ತಪ್ಪಿತ್ತು. ನಂದೇ ತಪ್ಪು. ನೀನು ಊಟ ಮಾಡಿದ್ದು ಸರಿಯಾಯ್ತು. ಏನೂ ಕೆಟ್ಟಿಲ್ಲ, ಮಲಕ್ಕೋ. ಫೋನ್ ಅವನಿಗೆ ಕೊಡು."

ಅವನು ಉಸಿರುಬಿಟ್ಟು ಕಣ್ಣು ಮುಚ್ಚಿದ. ನಾನು ಸ್ಪೀಕರ್ ಆರಿಸಿ ಕಾರಿಡಾರಿಗೆ ಬಂದೆ.

"ಬದುಕ್ತಾನಾ?" ಅಂತ ಕೇಳಿದರು.

"ಬದುಕಿದಾನೆ ಅಮ್ಮ. ಡಾಕ್ಟರು ನಾಳೆ ಕಳಿಸ್ತೀನಿ ಅಂದ್ರು."

"ಪುಟ ತಪ್ಪಿಲ್ಲಪ್ಪ. ಇವತ್ತೇ ಏಕಾದಶಿ."

"ಗೊತ್ತಮ್ಮ. ನಾನು ಸುಳ್ಳು..."

"ನೀನು ಸುಮ್ನಿರು. ನಿನ್ನೆ ಒಂದು ದಿನ ಮಾಡ್ದೆ ಅಂದೋನಿಗೆ ಇನ್ನೊಂದು ದಿನ ಮಾಡು ಅಂದೋಳು ನಾನು." ಅವರು ಫೋನ್ ಇಡದೆಯೇ ಮಗಳನ್ನು ಕೂಗಿದರು. "ಕುಕ್ಕರಲ್ಲಿ ಅನ್ನ ಇದ್ಯೇನೇ? ನಂಗೊಂದು ತಟ್ಟೆ ಹಾಕು."

"ಏನಮ್ಮ, ಇವತ್ತು ಏಕಾದಶಿ ಅಲ್ವಾ? ಮದುವೆ ಆದಾಗಿಂದ ಒಂದೂ ಬಿಟ್ಟಿಲ್ಲ ಅಂತೀಯ," ಅಂದ ಅಕ್ಕನ ದನಿ ದೂರದಿಂದ ಕೇಳಿಸಿತು.

"ಅಲ್ಲ, ದ್ವಾದಶಿ. ಬಡಿಸು."

ಕುರ್ಚಿ ಎಳೆದ ಸದ್ದಾಯಿತು, ಮೇಜಿನ ಮೇಲೆ ತಟ್ಟೆ ಇಟ್ಟ ಸದ್ದಾಯಿತು. ಅವರು ಊಟ ಮುಗಿಸುವವರೆಗೂ ನಾನು ಫೋನ್ ಕಿವಿಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.